ಭೂತಗನ್ನಡಿ ಮತ್ತು ಬಿಳಿ ಕೋಟು

ಕೋಟು ಬೆಳ್ಳಗಿತ್ತು. ತೊಂದರೆ ಶುರುವಾದದ್ದೇ ಅಲ್ಲಿಂದ.

ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಬಿಳಿ ಕೋಟು ಬೆಳ್ಳಗಿದ್ದರೆ ಯಾರೂ ಎದೆ ಬಡಿದುಕೊಳ್ಳುವುದಿಲ್ಲ. ಆದರೆ ಬೆಳಗ್ಗೆ ಒಂಬತ್ತಕ್ಕೆ ಕೆಲಸಕ್ಕೆ ಬಂದ ರಿವೈಂಡ್, ಹ್ಯಾಂಗರಿನ ಸಾಲಿನಲ್ಲಿ ಅದನ್ನು ಕಂಡವನೇ ಇಸ್ತ್ರಿ ಮೇಜು ಹಿಡಿದುಕೊಂಡು ನಿಂತುಬಿಟ್ಟ.

ರಿವೈಂಡ್ ಅನ್ನುವುದು ಬೀದಿ ಇಟ್ಟ ಹೆಸರು. ಪಾಪ್, ರಾಕ್ ಹಾಡುಗಳ ವಿಡಿಯೋ ಅಂದರೆ ಅವನಿಗೆ ಪ್ರಾಣ. ಸುಮ್ಮನೆ ನೋಡಿಕೊಂಡಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಪಕ್ಕದಲ್ಲಿ ಕೂತವರಿಗೆ ಅರ್ಧ ನಿಮಿಷಕ್ಕೊಮ್ಮೆ "ಸ್ವಲ್ಪ ಹಿಂದಕ್ಕೆ ಹಾಕಿ" ಅನ್ನುತ್ತಿದ್ದ. ಮರಳುಗಾಡಿನ ಮಧ್ಯೆ ಎಲೆಕ್ಟ್ರಿಕ್ ಗಿಟಾರ್ ಬಾರಿಸುತ್ತಾನಲ್ಲ, ಆ ವಯರನ್ನು ಯಾವ ಗೋಡೆಗೆ ಚುಚ್ಚಿದ್ದಾನೆ? ಬೆಟ್ಟದ ತುದಿಗೆ ಆ ಡ್ರಮ್ಮುಗಳನ್ನು ಹೊತ್ತವರು ಯಾರು, ಅವರಿಗೆ ಊಟ ಹಾಕಿದರೋ ಇಲ್ಲವೋ? ಹುಡುಗಿಯ ಕೂದಲು ಬಿರುಗಾಳಿಗೆ ಸಿಕ್ಕಂತೆ ಹಾರುತ್ತಿದೆ, ಹಿಂದಿನ ಪರದೆ ಯಾಕೆ ಅಲ್ಲಾಡುತ್ತಿಲ್ಲ? ಬಟ್ಟೆಯ ವಿಷಯಕ್ಕೆ ಬಂದರಂತೂ ಕೇಳಲೇಬೇಡಿ. ಈಜುಕೊಳಕ್ಕೆ ಬಿದ್ದು ಎದ್ದು ಬಂದವನ ಪ್ಯಾಂಟಿನ ಇಸ್ತ್ರಿ ಗೆರೆ ಹಾಗೇ ನಿಂತಿದ್ದರೆ ಅವನಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಈ ಅಭಿಪ್ರಾಯಗಳನ್ನೆಲ್ಲ ಅವನು ಇಂಟರ್ನೆಟ್ಟಿನಲ್ಲಿ 'ಭೂತಗನ್ನಡಿ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ. ಅದು ಅವನೇ ಎಂದು ಅಂಗಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆರು ವರ್ಷ, ಇನ್ನೂರಾ ಹದಿನೇಳು ಅಭಿಪ್ರಾಯ. ಅದರಲ್ಲಿ ಅರ್ಧಕ್ಕರ್ಧ ಒಬ್ಬನೇ ರಾಕ್ ಹಾಡುಗಾರನ ಬಗ್ಗೆ, ಅವನು ರಿವೈಂಡನ ದೇವರು. ದೇವರಿಂದ ಒಂದು ಉತ್ತರವೂ ಬಂದಿರಲಿಲ್ಲ. ಒಂದೇ ಒಂದು ಸಾಲು ಬರೆದರೆ ಸಾಕು, ಜನ್ಮ ಸಾರ್ಥಕ ಎಂದುಕೊಂಡು ಅವನು ದಿನಾ ಮಲಗುವ ಮೊದಲು ಫೋನು ನೋಡುತ್ತಿದ್ದ.

ಆ ಹಾಡುಗಾರ ನಾಲ್ಕು ವರ್ಷದಿಂದ ಎಲ್ಲ ವಿಡಿಯೋಗಳಲ್ಲೂ ಒಂದೇ ಬಿಳಿ ಕೋಟು ತೊಡುತ್ತಿದ್ದ. ಮೊದಲ ಹಾಡಿನಲ್ಲಿ ಅದರ ಮೇಲೆ ಮಸಿ ಚೆಲ್ಲಿತು, ಎರಡನೆಯದರಲ್ಲಿ ತೋಳಿಗೆ ಸೈಕಲ್ ಚೈನಿನ ಗ್ರೀಸು ಮೆತ್ತಿತು, ಮೂರನೆಯದರಲ್ಲಿ ಕಾಲರಿಗೆ ಕಾಫಿ ಬಿತ್ತು. ಕೋಟನ್ನು ಒಗೆಯದೆ ಹಾಗೇ ಮುಂದಿನ ಹಾಡಿಗೆ ಹೋಗುವುದು ಅವನ ಹೆಗ್ಗುರುತು. ಹೋದ ವಾರ ಆ ಮೂರನೆಯ ಹಾಡಿನ ಬಗ್ಗೆ ಭೂತಗನ್ನಡಿ ಹೀಗೆ ಬರೆದಿದ್ದ: "ಮಸಿ ಪಲ್ಲವಿಯಲ್ಲಿ ಎಡಜೇಬಿನ ಮೇಲಿದೆ. ಚರಣಕ್ಕೆ ಬರುವಷ್ಟರಲ್ಲಿ ಬಲಜೇಬಿಗೆ ನಡೆದುಹೋಗಿದೆ. ಕೊನೆಯಲ್ಲಿ ಮಾಯ. ಸ್ವಾಮಿ, ಹತ್ತಿ ಬಟ್ಟೆಯಿಂದ ಮಸಿ ಬಿಡಬೇಕಾದರೆ ಬಿಸಿನೀರಿನಲ್ಲಿ ಹದಿನಾರು ಗಂಟೆ ಉಜ್ಜಬೇಕು. ಮೂರೂವರೆ ನಿಮಿಷದಲ್ಲಿ ಹೇಗೆ ಬಿಟ್ಟಿತು? ಕೊಳೆಯನ್ನು ನೆಟ್ಟಗೆ ಕಾಪಾಡಿಕೊಳ್ಳಲು ಬಾರದವರು ಒಗೆದು ಹಾಕಿಕೊಳ್ಳುವುದು ಮೇಲು."

ಬರೆದು ಎರಡು ದಿನ ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದ.

ಈಗ ಅದೇ ಕೋಟು ಅವನ ಮುಂದೆ ನೇತಾಡುತ್ತಿತ್ತು. ಒಳಗಿನ ಕೆಂಪು ಅಸ್ತರು ಅದೇ, ಮೊಂಡಾದ ಎಡ ಕಾಲರು ಅದೇ. ಹಾಡುಗಾರನ ತಂಡ ಊರಾಚೆಯ ಹಳೇ ಗೋದಾಮಿನಲ್ಲಿ ಶೂಟಿಂಗಿಗೆ ಬಂದಿರುವುದು ಪೇಪರಿನಲ್ಲೂ ಬಂದಿತ್ತು. ಚೀಟಿಯ ಮೇಲೆ ಭಾವನ ಅಕ್ಷರದಲ್ಲಿ "ಶೂಟಿಂಗಿನವರು, ಸಂಜೆ ಐದು" ಎಂದಷ್ಟೇ ಇತ್ತು. ಮಸಿ ಇಲ್ಲ, ಗ್ರೀಸು ಇಲ್ಲ, ಕಾಫಿ ಇಲ್ಲ. ಮೂರನೆಯ ಗುಂಡಿಯನ್ನು ಮಾತ್ರ ಹೊಸ ದಾರದಲ್ಲಿ ಹೊಲಿಯಲಾಗಿತ್ತು.

ರಿವೈಂಡನಿಗೆ ಎಲ್ಲ ಅರ್ಥವಾಯಿತು. ಅವರು ಗುಂಡಿ ಹಾಕಿಸಲು ಕೊಟ್ಟಿದ್ದಾರೆ. ಭಾವ ತೊಳೆದುಬಿಟ್ಟಿದ್ದಾರೆ.

ಭಾವ ಅಂದರೆ ಅಕ್ಕನ ಗಂಡ, ಅಂಗಡಿಯ ಯಜಮಾನ. ಕಲೆ ಕಂಡರೆ ಕೈಕಟ್ಟಿ ಕೂರುವ ಜೀವ ಅಲ್ಲ. ಹಿಂದೊಮ್ಮೆ ಚಿತ್ರಕಾರನೊಬ್ಬ ಜೇಬು ಹೊಲಿಸಲು ಕೊಟ್ಟ ಏಪ್ರನ್ನನ್ನು ಹೂವಿನಂತೆ ಬಿಳಿ ಮಾಡಿ ಕೊಟ್ಟಾಗ, ಆತ ಕೌಂಟರಿನ ಮುಂದೆ ಕಣ್ಣೀರು ಹಾಕಿದ್ದ.

"ಅಕ್ಕಾ, ಭಾವ ಎಲ್ಲಿ?"

ಕೌಂಟರಿನಲ್ಲಿ ಕೂತಿದ್ದ ಅಕ್ಕ ಕಾಫಿ ಲೋಟ ಕೆಳಗಿಟ್ಟಳು. "ಲಾಡ್ಜಿನ ಬೆಡ್‌ಶೀಟ್ ತರೋಕೆ ಹೋದ್ರು. ಬರೋದು ಸಂಜೇನೇ."

ಅವನು ಭಾವನಿಗೆ ಫೋನ್ ಮಾಡಿದ. ಕೌಂಟರಿನ ಡ್ರಾಯರಿನೊಳಗೆ ಗಂಟೆ ಕೇಳಿಸಿತು. ಭಾವನ ಫೋನು ಸದಾ ಇರುತ್ತಿದ್ದದ್ದೇ ಅಲ್ಲಿ.

"ಹಾಗಾದ್ರೆ ಶೂಟಿಂಗಿನೋರಿಗೇ ಫೋನ್ ಮಾಡೋ," ಎಂದಳು ಅಕ್ಕ, ಅವನಿಂದ ಕೋಟಿನ ಕಥೆ ಕೇಳಿ.

"ಏನಂತ ಹೇಳ್ಲಿ? ನಿಮ್ಮ ನಾಲ್ಕು ವರ್ಷದ ಕೊಳೇನ ಒಂದೇ ರಾತ್ರೀಲಿ ತೊಳೆದ್ಬಿಟ್ವಿ ಅಂತ್ಲಾ? ಮೊನ್ನೆ ತಾನೇ ಅರ್ಧ ಹಾಡು ಶೂಟ್ ಆಗಿದೆ ಅಂತ ಪೇಪರಲ್ಲಿದೆ ಅಕ್ಕ. ನಾಳೆ ಉಳಿದರ್ಧ. ಅರ್ಧದಲ್ಲಿ ಕೊಳೆ, ಅರ್ಧದಲ್ಲಿ ಬಿಳಿ. ಲೋಕಾನೇ ನಗುತ್ತೆ."

"ಲೋಕಕ್ಕೆ ಬೇರೆ ಕೆಲಸ ಇಲ್ವೇನೋ," ಎಂದಳು ಅಕ್ಕ. ಆದರೂ ಅವಳ ಮುಖ ಸಣ್ಣಗಾಯಿತು. ಹೋದ ತಿಂಗಳು ವಿಡಿಯೋ ನೋಡುತ್ತ ನೋಡುತ್ತ ರಿವೈಂಡ್ ಒಬ್ಬ ವಕೀಲರ ಪ್ಯಾಂಟಿನ ಮೇಲೆ ಇಸ್ತ್ರಿಪೆಟ್ಟಿಗೆಯ ಗುರುತು ಮೂಡಿಸಿದ್ದ. ಭಾವ ಅವತ್ತೇ ಹೇಳಿಯಾಗಿತ್ತು: ಇನ್ನೊಂದು ಬಟ್ಟೆ ಈ ಅಂಗಡಿಯಲ್ಲಿ ಕೆಟ್ಟರೆ ನೀನು ಕೆಳಗೆ ಬಾಯ್ಲರ್ ಕೋಣೆಗೆ. ನೆಲಮಾಳಿಗೆಯ ಆ ಕೋಣೆಯಲ್ಲಿ ಹಬೆ, ಬಿಸಿನೀರಿನ ತೊಟ್ಟಿ, ಒಂದು ಬ್ರಷ್ಷು, ಅಷ್ಟೇ. ಸಿಗ್ನಲ್ ಬರುವುದಿಲ್ಲ. ಸಿಗ್ನಲ್ ಇಲ್ಲದ ಮೇಲೆ ವಿಡಿಯೋ ಎಲ್ಲಿ, ಭೂತಗನ್ನಡಿ ಎಲ್ಲಿ?

ಕೋಟು ಕೆಡಿಸಿದ್ದು ಭಾವನೇ ಆದರೂ ಏಟು ಬೀಳುವುದು ಯಾರ ಬೆನ್ನಿಗೆ ಎಂಬುದು ರಿವೈಂಡನಿಗೆ ಗೊತ್ತಿತ್ತು. ಐದರೊಳಗೆ ಕೊಳೆಯನ್ನು ವಾಪಸ್ ತರಬೇಕು. ಇದ್ದ ಜಾಗದಲ್ಲೇ, ಇದ್ದ ಆಕಾರದಲ್ಲೇ. ಜಗತ್ತಿನಲ್ಲಿ ಆ ಕೆಲಸ ಮಾಡಬಲ್ಲವನು ಯಾರಾದರೂ ಇದ್ದರೆ ಅದು ತಾನೇ ಎಂದು ನೆನೆದಾಗ ಅವನಿಗೆ ಸ್ವಲ್ಪ ಹೆಮ್ಮೆಯೂ ಆಯಿತು.

ಮಸಿಗಾಗಿ ಪಕ್ಕದ ಸ್ಟೇಷನರಿ ಅಂಗಡಿಯ ಮೇಡಮ್ಮನ ಹತ್ತಿರ ಹೋದ. ಬಾಟಲಿ ಕೊಟ್ಟು ಕಳಿಸಿದ್ದರೆ ಆಗುತ್ತಿತ್ತು; ವಿಷಯ ಕೇಳಿದ ಮೇಡಮ್ಮ ಅಂಗಡಿಯ ಬಾಗಿಲನ್ನೇ ಎಳೆದುಕೊಂಡು ಮೂರು ಬಾಟಲಿಗಳ ಜೊತೆ ಹೊರಟರು. ಅದನ್ನು ಕಂಡು ಎದುರಿನ ಗಡಿಯಾರ ರಿಪೇರಿಯ ಯಜಮಾನರು ಕಣ್ಣಿಗೆ ಸಿಕ್ಕಿಸಿಕೊಂಡ ಮಸೂರದ ಸಮೇತ ಬಂದರು. ಸೈಕಲ್ ಶಾಪಿನವನು ಗ್ರೀಸು ಕೊಡು ಅಂದರೆ ಒಂದು ಇಡೀ ಚೈನನ್ನೇ ಕೊರಳಿಗೆ ಹಾಕಿಕೊಂಡು ಬಂದ.

"ಬೀದೀಲಿ ಹೋಗೋ ಮಾರೀನ ಮನೆಗೆ ಕರೆದ ಹಾಗಾಯ್ತು," ಎಂದು ಅಕ್ಕ ಗೊಣಗಿದಳು.

ಇಸ್ತ್ರಿ ಮೇಜಿನ ಮೇಲೆ ಕೋಟು ಹಾಸಿ, ತಲೆಯ ಕಡೆ ಫೋನು ನಿಲ್ಲಿಸಿ, ರಿವೈಂಡ್ ಮೂರನೆಯ ಹಾಡಿನ ವಿಡಿಯೋ ಹಾಕಿದ. ನಾಲ್ಕೂ ತಲೆಗಳು ಅದರ ಮೇಲೆ ಬಾಗಿದವು.

"ಯಾವ ನೀಲಿ ಇದು?" ಎಂದರು ಮೇಡಮ್ಮ. "ಶಾಲೆ ಮಕ್ಕಳ ನೀಲಿ ಅಂತೂ ಅಲ್ಲ. ಇದು ತಗೋ. ರಿಜಿಸ್ಟ್ರಾರ್ ಆಫೀಸಿನೋರು ದಾಖಲೆ ಬರೆಯೋಕೆ ಒಯ್ಯೋದು. ನೂರು ವರ್ಷ ಆದ್ರೂ ಮಾಸಲ್ಲ."

"ಅದೇ ಬೇಕು," ಎಂದ ರಿವೈಂಡ್. "ಅವನ ಹತ್ರ ಅಗ್ಗದ್ದು ಇರೋಲ್ಲ."

ಗ್ರೀಸಿನ ಕೆಲಸ ಸುಸೂತ್ರವಾಗಿ ಆಯಿತು. ಸೈಕಲ್ ಶಾಪಿನವನು ಚೈನನ್ನು ತೋಳಿನ ಮೇಲೆ ಒತ್ತಿ ಎತ್ತಿದ. ಹಲ್ಲಿನ ಗುರುತು ಸಾಲಾಗಿ ಮೂಡಿತು. "ಹದಿನೆಂಟು ವರ್ಷದಿಂದ ಇದನ್ನ ಬಟ್ಟೆಗೆ ಅಂಟಬಾರದು ಅಂತ ಒದ್ದಾಡ್ತಿದ್ದೀನಿ," ಎಂದು ಅವನು ತನ್ನ ಕೈಕೆಲಸವನ್ನು ತಾನೇ ಮೆಚ್ಚಿಕೊಂಡ. ಕಾಲರಿಗೆ ಅಕ್ಕನ ಲೋಟದಲ್ಲಿದ್ದ ಕಾಫಿಯೇ ಸಾಕಾಯಿತು. ಅಕ್ಕನನ್ನು ಕೇಳಲಿಲ್ಲ, ಅದಕ್ಕೆ ಅವಳು ಮಧ್ಯಾಹ್ನದವರೆಗೆ ಮಾತು ಬಿಟ್ಟಳು.

ಜಗಳ ಹತ್ತಿದ್ದು ಮಸಿಯಲ್ಲಿ.

"ಎಡಜೇಬು," ಎಂದರು ಮೇಡಮ್ಮ.

"ಬಲಜೇಬು ಕಣಮ್ಮ," ಎಂದರು ಗಡಿಯಾರದ ಯಜಮಾನರು. "ನನ್ನ ಕಣ್ಣಲ್ಲಿ ಮಸೂರ ಇದೆ. ನೀನು ಬರಿಗಣ್ಣಲ್ಲಿ ನೋಡ್ತಿದ್ದೀಯ."

"ಸ್ವಲ್ಪ ಹಿಂದಕ್ಕೆ ಹಾಕು," ಎಂದರು ಮೇಡಮ್ಮ.

ಹಿಂದಕ್ಕೆ ಹಾಕಿದರೆ ಎಡ. ಮುಂದಕ್ಕೆ ಬಿಟ್ಟರೆ ಬಲ. ರಿವೈಂಡ್ ಹಣೆ ಒರೆಸಿಕೊಂಡ. ಬೈದು ಬರೆದಿದ್ದು ಅವನೇ. ಮಾಡಿ ತೋರಿಸು ಅನ್ನುವ ದಿನ ಬರುತ್ತದೆ ಎಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಊಟದ ಹೊತ್ತು ಮೀರಿತು. ಬಟ್ಟೆ ಕೊಡಲು ಬಂದ ಇಬ್ಬರು ಗಿರಾಕಿಗಳೂ ಆಚೆಗೊಬ್ಬ ಈಚೆಗೊಬ್ಬ ಸೇರಿಕೊಂಡರು. ಕೊನೆಗೆ ಅವನು ಧೈರ್ಯ ಮಾಡಿ, ಉಸಿರು ಬಿಗಿಹಿಡಿದು, ಎಡಜೇಬಿನ ಮೇಲೆ ಮಸಿ ಹನಿಸಿದ. ಅಂಚು, ಬಾಲ, ಪಕ್ಕದ ಎರಡು ಚುಕ್ಕಿ, ಒಂದೂ ತಪ್ಪಲಿಲ್ಲ.

"ಚೆನ್ನಾಗಿದೆ. ಆದ್ರೆ ಅದು ಬಲಕ್ಕೆ ಬರ್ಬೇಕಿತ್ತು," ಎಂದು ತೋರಿಸಲು ಗಡಿಯಾರದವರು ಕೈ ಚಾಚಿದರು. ಅವರ ಮೊಳಕೈ ಬಾಟಲಿಗೆ ತಗುಲಿತು. ದಾಖಲೆ ಮಸಿ ಬಲಜೇಬಿನ ಮೇಲೆ ನಿಧಾನವಾಗಿ ಹರಡಿಕೊಂಡಿತು.

ರಿವೈಂಡ್ ಕುರ್ಚಿಯಲ್ಲಿ ಕುಸಿದ.

"ಯಾಕೋ ಅಷ್ಟು ಹೆದರ್ತೀಯ?" ಎಂದರು ಗಡಿಯಾರದವರು, ಸ್ವಲ್ಪವೂ ಅಳುಕದೆ. "ಈಗ ಎಡದವರೂ ತಪ್ಪು ಹಿಡಿಯೋ ಹಾಗಿಲ್ಲ, ಬಲದವರೂ ಹಿಡಿಯೋ ಹಾಗಿಲ್ಲ. ಕೈ ಕೆಸರಾದ್ರೆ ಬಾಯಿ ಮೊಸರು."

ಯೋಚಿಸಿ ನೋಡಿದರೆ ಅದೂ ನಿಜ ಅನ್ನಿಸಿತು. ಅವನು ಕೋಟನ್ನು ಹ್ಯಾಂಗರಿಗೆ ಹಾಕಿ ಒಣಗಲು ಬಿಟ್ಟ. ದೂರ ನಿಂತು ನೋಡಿದ. ನಾಲ್ಕು ವರ್ಷ ಪರದೆಯ ಮೇಲೆ ಕಂಡ ಕೋಟು, ಅದಕ್ಕಿಂತ ಒಂದು ಕೈ ಮೇಲಾಗಿಯೇ ಎದುರಿಗಿತ್ತು. ಅವನ ಮನಸ್ಸು ತುಂಬಿಬಂತು.

ಐದಕ್ಕೆ ಸರಿಯಾಗಿ ಭಾವ ಬೆಡ್‌ಶೀಟಿನ ಗಂಟು ಹೊತ್ತು ಒಳಗೆ ಬಂದರು. ಅವರ ಹಿಂದೆಯೇ ಕೊರಳಿಗೆ ಅಳತೆ ಟೇಪು ಹಾಕಿಕೊಂಡ ಹೆಂಗಸೊಬ್ಬಳು ಬಂದಳು. ಶೂಟಿಂಗಿನ ಉಡುಪಿನ ಜವಾಬ್ದಾರಿ ಅವಳದು. ನೆರೆಯವರು ಯಾರೂ ಜಾಗ ಬಿಟ್ಟು ಕದಲಿರಲಿಲ್ಲ.

ರಿವೈಂಡ್ ಎರಡೂ ಕೈಯಲ್ಲಿ ಕೋಟು ಹಿಡಿದು ಮುಂದೆ ಬಂದ.

ಆಕೆ ನೋಡಿದಳು. ಭಾವ ನೋಡಿದರು. ಭಾವನ ಗಂಟು ತಾನಾಗಿಯೇ ಕೆಳಗಿಳಿಯಿತು.

"ಇದನ್ನ ತೊಳೆಯೋಕಲ್ವಾ ನಾನು ಕೊಟ್ಟಿದ್ದು?" ಎಂದಳು ಆಕೆ ಮೆಲ್ಲಗೆ.

"ತೊಳೆದಿದ್ದೆನಲ್ಲಮ್ಮ," ಎಂದರು ಭಾವ. "ಬರೀ ನಾಟಕದ ಬಣ್ಣ. ನಾಲ್ಕು ನಿಮಿಷದಲ್ಲಿ ಬಿಡ್ತು. ಜೊತೆಗೆ ಗುಂಡೀನೂ ಹಾಕಿದ್ದೆ."

ರಿವೈಂಡ್ ಕೋಟನ್ನೊಮ್ಮೆ, ಆಕೆಯನ್ನೊಮ್ಮೆ ನೋಡಿದ. "ಆದ್ರೆ ಆ ಕೊಳೆ... ಅವರ ಗುರುತಲ್ವಾ ಅದು?"

"ಮೊನ್ನೆಯವರೆಗೆ," ಎಂದು ಆಕೆ ನಿಟ್ಟುಸಿರು ಬಿಟ್ಟಳು. "ಇಂಟರ್ನೆಟ್ಟಲ್ಲಿ ಭೂತಗನ್ನಡಿ ಅಂತ ಒಬ್ರು ಬರೀತಾರೆ. ನಮ್ಮವರು ಅವರದ್ದು ಒಂದಕ್ಷರಾನೂ ಬಿಡದೆ ಓದ್ತಾರೆ. ಕೊಳೆ ಕಾಪಾಡೋಕೆ ಬಾರದವರು ಒಗೆದು ಹಾಕ್ಕೊಳ್ಳಿ ಅಂತ ಅವರು ಬರೆದಿದ್ದನ್ನ ಓದಿದ್ದೇ ತಡ, ಇವರಿಗೆ ನಾಟಿಬಿಡ್ತು. ಮೊನ್ನೆ ಶೂಟ್ ಮಾಡಿದ್ದನ್ನೂ ಬಿಸಾಕಿ, ನಾಳೆ ಬಿಳಿ ಕೋಟಲ್ಲಿ ಮೊದಲಿಂದ ಶುರು ಅಂದ್ರು. ಅವರನ್ನ ಶೂಟಿಂಗಿಗೆ ಕರೀಬೇಕು, ಪಕ್ಕದಲ್ಲೇ ಕೂರಿಸ್ಕೋಬೇಕು ಅಂತ ನನ್ನ ಕೈಲಿ ಪತ್ರಾನೂ ಬರೆಸಿದ್ದಾರೆ. ಕಳಿಸೋಕೆ ಪುರುಸೊತ್ತಾಗಿರಲಿಲ್ಲ."

ಆರು ವರ್ಷ. ಇನ್ನೂರಾ ಹದಿನೇಳು. ಒಂದಕ್ಷರವನ್ನೂ ಬಿಡದೆ. ರಿವೈಂಡನಿಗೆ ಕುಣಿಯಬೇಕೆನ್ನಿಸಿತು, ಅಳಬೇಕೆನ್ನಿಸಿತು. ಯಾವುದನ್ನೂ ಮಾಡುವಂತಿರಲಿಲ್ಲ, ಭಾವ ಅವನನ್ನೇ ನೋಡುತ್ತಿದ್ದರು.

"ಈ ಮಸಿ ಬಿಡುತ್ತಾ?" ಎಂದು ಆಕೆ ಜೇಬನ್ನು ಉಜ್ಜಿ ನೋಡಿದಳು. "ಅಯ್ಯೋ, ಭೂತಗನ್ನಡಿಯವರೇ ಏನೋ ಬರೆದಿದ್ರಲ್ಲ, ಮಸಿ ಹೇಗೆ ಬಿಡಿಸೋದು ಅಂತ. ತಡೀರಿ, ಪತ್ರ ಈಗಲೇ ಕಳಿಸಿ ಅವರನ್ನೇ ಕೇಳ್ತೀನಿ."

ಬೇಡ ಅನ್ನಲು ರಿವೈಂಡ್ ಬಾಯಿ ತೆರೆದ. ಆಕೆಯ ಹೆಬ್ಬೆರಳು ಒತ್ತಿಯಾಗಿತ್ತು. ಇಸ್ತ್ರಿ ಮೇಜಿನ ಮೇಲೆ ವಿಡಿಯೋ ತೋರಿಸಿ ದಣಿದು ಮಲಗಿದ್ದ ಫೋನು ಟಿಣ್ ಎಂದಿತು.

ಎಲ್ಲರೂ ಅತ್ತ ತಿರುಗಿದರು. ಗಡಿಯಾರದ ಯಜಮಾನರು ಮಸೂರ ಸರಿಪಡಿಸಿಕೊಂಡು ಬಾಗಿ ಓದಿದರು. "ಪ್ರಿಯ ಭೂತಗನ್ನಡಿಯವರೇ..." ಮುಂದೆ ಓದಲಿಲ್ಲ. ತಲೆಯೆತ್ತಿ ರಿವೈಂಡನನ್ನು ನೋಡಿ, "ಮಾಡಿದ್ದುಣ್ಣೋ ಮಹಾರಾಯ," ಎಂದರು.

ಭಾವ ಕೂಗಾಡಲಿಲ್ಲ. ಕೂಗಾಡಿದ್ದರೇ ಚೆನ್ನಾಗಿತ್ತು. "ಎಷ್ಟು ಗಂಟೆ ಅಂತ ಬರೆದಿದ್ದೀಯಪ್ಪ, ಮಸಿ ಬಿಡೋಕೆ?"

"ಹದಿನಾರು."

ಭಾವ ಬೆರಳು ಮಡಿಸಿದರು. "ಈಗ ಐದು. ಬೆಳಗ್ಗೆ ಒಂಬತ್ತಕ್ಕೆ ಆಗುತ್ತೆ. ಶೂಟಿಂಗ್ ಎಷ್ಟಕ್ಕಮ್ಮ?"

"ಹತ್ತಕ್ಕೆ."

"ಸರಿಹೋಯ್ತು. ಕೋಟು ನಾನೇ ತಂದುಕೊಡ್ತೀನಿ."

"ಭಾವ, ಪತ್ರ ನನಗೆ ಬಂದಿರೋದು."

"ಹೌದು. ಬಟ್ಟೆ ಕೆಟ್ಟಿರೋದೂ ನಿನ್ನಿಂದಲೇ. ಇವತ್ತು ಒಂದಾದ್ರೂ ಇಸ್ತ್ರಿ ಆಗಿದೆಯಾ ನೋಡು. ಕೋಟು ಮುಗಿದ ಮೇಲೆ ಲಾಡ್ಜಿನ ಬೆಡ್‌ಶೀಟೂ ಕೆಳಗೇ ಬರುತ್ತೆ." ಭಾವ ಅವನ ಫೋನನ್ನು ತೆಗೆದು ಡ್ರಾಯರಿನಲ್ಲಿ ತಮ್ಮ ಫೋನಿನ ಪಕ್ಕಕ್ಕಿಟ್ಟು ಮುಚ್ಚಿದರು. "ಅಲ್ಲಿ ಹೇಗೂ ಸಿಗ್ನಲ್ ಬರಲ್ಲ."

ಉಡುಪಿನವಳು ಅವನನ್ನು ಮರುಕದಿಂದ ನೋಡಿದಳು. "ಒಂದು ಉತ್ತರ ಆದ್ರೂ ಬರೀರಿ. ಉತ್ತರ ಕೊಡದೆ ಕಾಯಿಸೋರನ್ನ ಕಂಡ್ರೆ ನಮ್ಮವರಿಗೆ ಆಗಲ್ಲ," ಎಂದಳು.

ರಿವೈಂಡ್ ಕೋಟನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದ. ಕೆಳಗಿನಿಂದ ಹಬೆ ಮುಖಕ್ಕೆ ಹೊಡೆಯಿತು. ಬಾಯ್ಲರ್ ಕೋಣೆಯ ಬಾಗಿಲು ಮುಚ್ಚುವ ಮುನ್ನ, ಮೇಲಿನ ಡ್ರಾಯರಿನೊಳಗಿಂದ ಅವನ ಫೋನಿನ ಟಿಣ್ ಎಂಬ ಇನ್ನೊಂದು ಸದ್ದು ಬಂತು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು. ಅವನು ಬ್ರಷ್ಷು ಕೈಗೆತ್ತಿಕೊಂಡು ಎಡಜೇಬಿನಿಂದ ಶುರು ಮಾಡಿದ.