ಉಂಗುರ ತೇದು ತಿಂದದ್ದು

ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳಾದರೂ, ಔಷಧಿಯ ವಿಷಯದಲ್ಲಿ ಡಾಕ್ಟರಿಗಿಂತ ಒಂದು ಹೆಜ್ಜೆ ಮುಂದಿದ್ದೇನೆ ಎಂಬ ನಂಬಿಕೆ ನನಗಿತ್ತು. ಅದು ಹೋದದ್ದು ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ, ನಾವು ಗುಬ್ಬಿಯಲ್ಲಿದ್ದಾಗ.

ಆಗ ನನ್ನ ಎರಡೂ ಕೈಯ ಬೆರಳು ಊದಿಕೊಂಡು ಬೆಳಿಗ್ಗೆ ಚೊಂಬು ಹಿಡಿಯಲೂ ಆಗುತ್ತಿರಲಿಲ್ಲ. ಮಗಳು ಸರೋಜ ಚೊಚ್ಚಲ ಬಸುರಿ, ಮೂರು ತಿಂಗಳು. ನಮ್ಮ ಬೀದಿಯ ಅರ್ಧ ಕೂಸುಗಳಿಗೆ ಕಾಲು ಚಾಚಿ ಕೂತು ನೀರು ಹಾಕಿದವಳು ನಾನು. ನನ್ನ ಮೊಮ್ಮಗುವಿಗೆ ಬೇರೆಯವರು ನೀರು ಹಾಕುವುದೇ? ಸಾಧ್ಯವಿಲ್ಲ!

ತುಮಕೂರಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ವಿವರಿಸಿದರು. ಮೈ ಕಾಯಬೇಕಾದ ಶಕ್ತಿಯೇ ತಲೆಕೆಟ್ಟು ನನ್ನ ಕೀಲುಗಳನ್ನು ಕಚ್ಚುತ್ತಿದೆಯಂತೆ, ಮನೆ ನಾಯಿ ಮನೆಯವರನ್ನೇ ಕಚ್ಚಿದ ಹಾಗೆ. ನಾಯಿಯನ್ನು ಕೊಲ್ಲುವಂತಿಲ್ಲ, ಕಳ್ಳ ಬಂದರೆ ಬೇಕು. ಪಳಗಿಸಬೇಕು. ಅದಕ್ಕೆ ವಾರಕ್ಕೊಂದು ಇಂಜೆಕ್ಷನ್. ಅದರಲ್ಲಿ ಚಿನ್ನದ ಅಂಶ ಇರುತ್ತದೆ. ಗುಣ ಕಾಣಲು ನಾಲ್ಕೈದು ತಿಂಗಳು ಬೇಕು, ಒಂದು ವಾರವೂ ತಪ್ಪಿಸಬಾರದು ಎಂದರು.

ಇಷ್ಟರಲ್ಲಿ ನಾನು ಮನಸ್ಸಿಗೆ ಹಾಕಿಕೊಂಡದ್ದು ಚಿನ್ನ ಒಂದೇ.

ಆರು ವಾರ ಬಸ್ಸು ಹತ್ತಿ ಹೋಗಿ ಸೊಂಟಕ್ಕೆ ಚುಚ್ಚಿಸಿಕೊಂಡೆ. ಬೆರಳು ಹಾಗೇ ಇತ್ತು. ಆಗ ಯೋಚಿಸಿದೆ. ಎಳೆಗೂಸಿಗೆ ಬಜೆಯ ಜೊತೆ ಚಿನ್ನ ತೇದು ಜೇನಿನಲ್ಲಿ ನೆಕ್ಕಿಸುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಕೂಸಿಗೆ ಒಂದು ಸುತ್ತು ತೇದರೆ ನನ್ನ ಗಾತ್ರಕ್ಕೆ ಐವತ್ತು ಸುತ್ತು. ಸೊಂಟದಿಂದ ಬೆರಳಿಗೆ ಚಿನ್ನ ಯಾವಾಗ ತಲುಪೀತು? ಬಾಯಿಯಿಂದಾದರೆ ಹತ್ತಿರ!

ತವರು ಕೊತ್ತಗೆರೆಯಲ್ಲಿ ಅಪ್ಪ ಹಾಕಿಸಿದ್ದ ಉಂಗುರ ಊದಿದ ಬೆರಳಿನಿಂದ ಬರಲಿಲ್ಲ. ಸೋಪು, ಹರಳೆಣ್ಣೆ ಎಲ್ಲ ಸೋತವು. ಕೊನೆಗೆ ಆಚಾರಿ ಕತ್ತರಿಸಿ ತೆಗೆದ. ಆಮೇಲೆ ಗೊತ್ತಾಯಿತು, ಅದನ್ನು ಹಿಡಿದು ತೇಯಲು ನನ್ನ ಬೆರಳೇ ಮಡಚುವುದಿಲ್ಲ. ಮಂಡಿಗೆ ಹೊರಟಿದ್ದ ಯಜಮಾನರನ್ನು ಸಾಣೆಕಲ್ಲಿನ ಮುಂದೆ ಕೂರಿಸಿದೆ. ಇಂಜೆಕ್ಷನ್ ಬದಲು ಇದನ್ನೇ ತಿನ್ನಲು ಡಾಕ್ಟರೇ ಹೇಳಿದ್ದಾರೆ ಎಂದು ಸುಳ್ಳು ಹೇಳಿದೆ.

"ತೇಯಕ್ಕೂ ನನ್ನನ್ನೇ ಹೇಳಿದ್ರಾ?" ಎಂದರು.

"ಇನ್ಯಾರನ್ನ ಹೇಳ್ತಾರೆ? ಮದ್ವೆ ಆಗಿರೋರು ನೀವು ತಾನೇ."

ಎರಡು ತಿಂಗಳು ದಿನಾ ಐವತ್ತು ಸುತ್ತು ತೇದರು. ಒಂದು ಸುತ್ತೂ ಕಡಿಮೆ ಮಾಡಲಿಲ್ಲ ಪಾಪ. ನನ್ನ ಬೆರಳು ಮಾತ್ರ ಇನ್ನಷ್ಟು ಬಿಗಿದು, ಸೆರಗು ಸಿಕ್ಕಿಸಿಕೊಳ್ಳಲೂ ಆಗದಂತಾಯಿತು. ಯಜಮಾನರಿಗೆ ಗಾಬರಿಯಾಗಿ ತಾವೇ ನನ್ನನ್ನು ತುಮಕೂರಿಗೆ ಕರೆದುಕೊಂಡು ಹೋದರು.

ಡಾಕ್ಟರು ಚೀಟಿ ನೋಡಿ, ಎಂಟು ವಾರ ಏಕೆ ಬರಲಿಲ್ಲ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ಹೆಮ್ಮೆಯಿಂದ ಮುಂದೆ ಬಂದರು.

"ಒಂದಿನಾನೂ ತಪ್ಪಿಸಿಲ್ಲ ಸಾರ್. ನೀವು ಹೇಳ್ದಂಗೇ ನಾನೇ ತೇದು ನೆಕ್ಕಿಸ್ತಾ ಇದೀನಿ." ಜೇಬಿನಿಂದ ಪೊಟ್ಟಣ ತೆಗೆದು, ಸವೆದು ತಂತಿಯಾಗಿದ್ದ ಉಂಗುರವನ್ನು ಮೇಜಿನ ಮೇಲಿಟ್ಟರು.

ಡಾಕ್ಟರು ಪೆನ್ನು ಕೆಳಗಿಟ್ಟರು. ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಇಂಜೆಕ್ಷನ್ನಿನ ಚಿನ್ನವೇ ಬೇರೆ, ಅದು ಮೈಗೆ ಹತ್ತುತ್ತದೆ. ಉಂಗುರದ ಚಿನ್ನ ಹೊಟ್ಟೆಯಲ್ಲಿ ಕರಗುವುದೇ ಇಲ್ಲ, ಹೋದ ಹಾಗೇ ಹೊರಗೆ ಬರುತ್ತದೆ ಎಂದು ತಿಳಿಸಿ ಹೇಳಿದರು.

ಯಜಮಾನರು ನನ್ನ ಕಡೆ ತಿರುಗಿದರು. "ಅಂದ್ರೆ ನಿಮ್ಮಪ್ಪನ ಉಂಗುರಾನ ದಿನಾ ಬೆಳಿಗ್ಗೆ ಹೋಗಿ ಬೇಲಿ ಹಿಂದೆ ಹಾಕಿ ಬಂದಿದೀಯ."



ಇಂಜೆಕ್ಷನ್ ಮತ್ತೆ ಮೊದಲಿನಿಂದ ಶುರುವಾಯಿತು. ಈ ಸಲ ಒಂದು ವಾರವೂ ತಪ್ಪಿಸಲಿಲ್ಲ. ಆದರೆ ಗುಣ ಕಾಣುವ ಮೊದಲೇ ಮೊಮ್ಮಗಳು ಹುಟ್ಟಿದಳು. ನೀರು ಹಾಕಲು ಸರೋಜಳ ಅತ್ತೆ ಕುಣಿಗಲ್ಲಿನಿಂದ ಬಂದರು. ಆಕೆಗೆ ಕೂಸು ಹಿಡಿಯಲೇ ಬರುವುದಿಲ್ಲ ಎಂದು ಊರೆಲ್ಲ ಸಾರಿದ್ದವಳು ನಾನೇ. ಬಚ್ಚಲ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತು, ಕತ್ತು ಹಿಡಿಯಿರಿ, ನೀರು ಬಿಸಿ ನೋಡಿ ಎಂದು ಹೇಳುತ್ತಲೇ ಇದ್ದೆ. ಕೂಸು ಆಕೆಯ ಕಾಲ ಮೇಲೆ ನಿದ್ದೆ ಹೋಯಿತು.

ನನ್ನ ಬೆರಳು ಚೆನ್ನಾಗಿ ಮಡಚುವ ಹೊತ್ತಿಗೆ ಮೊಮ್ಮಗಳು ತೆವಳುತ್ತಿದ್ದಳು. ಅಲ್ಲಿಯವರೆಗೂ ಬೀಗಿತ್ತಿಯೇ ಇದ್ದು ನೀರು ಹಾಕುತ್ತಿದ್ದರು. ಒಂದು ದಿನ ಹಂಡೆ ಕಾಯಿಸಿ, ಕಾಲು ಚಾಚಿ ಕೂತು, ಎರಡೂ ಕೈ ನೀಡಿ ಕರೆದೆ. ನನ್ನನ್ನು ಒಮ್ಮೆ ನೋಡಿದಳು. ಸೀದಾ ಬೀಗಿತ್ತಿಯ ಕಡೆ ತೆವಳಿದಳು.