ನಮ್ಮಣ್ಣನೂ ತರಂಗಂಬಾಡಿಯ ಕೋಟೆಯೂ

ನಮ್ಮ ದೊಡ್ಡಪ್ಪನ ಮಗ, ಅಂದರೆ ನನಗೆ ಅಣ್ಣ, ಬಾಯಿ ತೆರೆದರೆ ಕೊಳ್ಳೇಗಾಲಕ್ಕೆ ಸಮುದ್ರ ಬರುತ್ತಿತ್ತು! ಉತ್ಪ್ರೇಕ್ಷೆ ಎನ್ನಬೇಡಿ. ನಮ್ಮ ಸುತ್ತ ಇರುವುದೆಲ್ಲ ಬೆಟ್ಟ, ಹೊಲ, ಹಿಪ್ಪುನೇರಳೆ. ಆದರೂ ಅವನ ಪಕ್ಕ ಅರ್ಧ ಗಂಟೆ ಕುಳಿತವರು ಎದ್ದು ಹೋಗುವಾಗ ಕಾಲಿನ ಮರಳು ಕೊಡವಿಕೊಳ್ಳುತ್ತಿದ್ದರು.

ಕಾರಣವಿಷ್ಟೆ. ನಮ್ಮ ಊರು ಮದ್ರಾಸು ಸರ್ಕಾರದ ಕೆಳಗಿದ್ದ ಕಾಲದಲ್ಲಿ ಅವನಿಗೆ ಅಟೆಂಡರ್ ಕೆಲಸ ಸಿಕ್ಕಿ, ತಂಜಾವೂರು ಸೀಮೆಯ ಕಡಲ ದಂಡೆಯಲ್ಲಿರುವ ತರಂಗಂಬಾಡಿ ಎಂಬ ಪುಟ್ಟ ಊರಿಗೆ ಹಾಕಿದ್ದರು. ಐವತ್ತಾರರಲ್ಲಿ ನಾವು ಮೈಸೂರಿಗೆ ಸೇರಿದೆವು. ಅವನೂ ವಾಪಸು ಬಂದ. ಬಂದದ್ದು ಮೈ ಮಾತ್ರ.

ಕೌದಳ್ಳಿಯಲ್ಲಿ ಮಾದಪ್ಪನ ಬೆಟ್ಟದ ಬಸ್ಸಿಗೆ ಕಾಯುವ ಭಕ್ತರನ್ನೂ ಅವನು ಬಿಡುತ್ತಿರಲಿಲ್ಲ. "ತರಂಗಂಬಾಡಿ ಅಂದ್ರೆ ಅಲೆಗಳು ಪದ ಯೋಳೋ ಊರು ಕಣ್ರಿ. ಡೆನ್ಮಾರ್ಕಿನವ್ರು ಅಡಗಲ್ಲಿ ಬಂದು ಕೋಟೆ ಕಟ್ಟವ್ರೆ!"

ಒಬ್ಬ ಮುದುಕಪ್ಪ ಎಲ್ಲವನ್ನೂ ಕೇಳಿ, "ಅದ್ಸರಿ ಸಾ, ಈ ಬಸ್ಸು ಮಾದಪ್ಪನ ತಾವ್ಕೆ ಓಯ್ತದೋ, ನಿಮ್ಮ ಕೋಟೆ ತಾವ್ಕೋ?" ಎಂದು ಗಾಬರಿಯಿಂದ ವಿಚಾರಿಸಿದ.

ಡೆನ್ಮಾರ್ಕಿನವರು ಕೊನೆಗೆ ಆ ಊರನ್ನು ಇಂಗ್ಲಿಷರಿಗೆ ಮಾರಿ ಹೊರಟುಹೋದರಂತೆ. ಎಷ್ಟಕ್ಕೆ ಮಾರಿದರು ಎಂದು ಕೇಳಿದೆ. ಅಣ್ಣನಿಗೆ ಗೊತ್ತಿಲ್ಲ! ಮುಖ್ಯ ವಿಷಯವನ್ನೇ ಬಿಟ್ಟದ್ದು ಎಂಥ ಚರಿತ್ರೆ, ನೀವೇ ಹೇಳಿ?

ನಗುವ ಮಾತೇನೋ ಸರಿ. ಆದರೆ ವಯಸ್ಸು ಮೂವತ್ತೈದು ದಾಟಿದರೂ ಅವನಿಗೆ ಮದುವೆಯಾಗಿರಲಿಲ್ಲ, ಅದಕ್ಕೆ ಆ ಕೋಟೆಯೇ ಅಡ್ಡಗೋಡೆ. ಹನೂರಿಗೆ ಹೆಣ್ಣು ನೋಡಲು ಹೋದಾಗ ಅವರು ಜಮೀನು ಎಷ್ಟಿದೆ ಎಂದು ಕೇಳಿದರು. ಇವನು, ಸಮುದ್ರ ಜಮೀನನ್ನು ಹೇಗೆ ನುಂಗುತ್ತದೆ ಎಂದು ಶುರುಮಾಡಿದ! ಆ ಮನೆಯ ಅಜ್ಜಿ ಒಳಗಿನಿಂದಲೇ, "ಈವಯ್ಯಂಗೆ ಎಣ್ಣು ಕೊಟ್ರೆ ಕರ್ಕಂಡೋಗಿ ನೀರ್ಗೆ ಬುಟ್ಟಾನು ಕಣ್ಲಾ" ಅಂದರು. ಉಪ್ಪಿಟ್ಟು ತಿಂದು ಎದ್ದು ಬಂದೆವು.

ಆಮೇಲೆ ಯಳಂದೂರಿನದೊಂದು ಸಂಬಂಧ ಬಂತು. ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡು, "ಇದೇ ಕೊನೇದು ಕಣಪ್ಪಾ. ಇದೂ ತಪ್ಪೋದ್ರೆ ಇವ್ನು ಒಂಟಿಯಾಗೇ ಉಳ್ಕತಾನೆ" ಎಂದು ಕಣ್ಣೊರೆಸಿಕೊಂಡರು.

ನಾನು ರೇಷ್ಮೆಗೂಡಿನ ವ್ಯಾಪಾರ ಮಾಡಿ ಮೇಲೆ ಬಂದವನು. ನಮ್ಮಲ್ಲಿ ಬೆಲೆ ಮಾತಾಡಲು ಬಾಯಿ ಬೇಕಿಲ್ಲ. ಟವೆಲಿನ ಕೆಳಗೆ ಇಬ್ಬರೂ ಕೈ ಇಟ್ಟು, ಬೆರಳು ಹಿಡಿದೇ ಮುಗಿಸುತ್ತೇವೆ. ನನ್ನ ಬುದ್ಧಿಮಾತು ಕೇಳಿ: ಬಾಯಿ ಕೆಡಿಸಿದಷ್ಟು ವ್ಯಾಪಾರವನ್ನು ಮಳೆಯೂ ಕೆಡಿಸಿಲ್ಲ. ಅಣ್ಣನಿಗೂ ಅದೇ ಮದ್ದು ಅರೆದೆ.

"ಟವೆಲ್ ಕೆಳಗೆ ನಂಗೆ ಕೈ ಕೊಟ್ಟಿರು ಕಣಣ್ಣ. ಸಮುದ್ರದ ಮಾತು ಬಂದ್ರೆ ಬೆರಳ ಅಮುಕ್ತೀನಿ. ಬಾಯಿ ಮುಚ್ಕಬೇಕು."

"ಕೋಟೆ ಬಂದ್ರೆ?"

"ಎರಡು ಬೆರಳ ಅಮುಕ್ತೀನಿ!"

ಯಳಂದೂರಿನ ಯಜಮಾನರು ಎತ್ತಿನ ವ್ಯಾಪಾರಿ. ಮಾತು ಚೆನ್ನಾಗಿಯೇ ಸಾಗಿತು. "ಈ ಸತಿ ಬಿಸ್ಲು ಜಾಸ್ತಿ" ಎಂದರು. ಅಣ್ಣನ ತುಟಿ ಅಲುಗಿತು. ಒಂದು ಬೆರಳು ಅಮುಕಿದೆ. "ಹಿತ್ಲಗೋಡೆ ಬಿದ್ದೋಗದೆ" ಎಂದರು. ಗೋಡೆ ಎಂದಮೇಲೆ ಕೋಟೆ ಎಷ್ಟು ದೂರ? ಎರಡು ಬೆರಳು ಅಮುಕಿದೆ.

ಆಗ ಅವರ ಕಣ್ಣು ನಮ್ಮ ಟವೆಲಿನ ಮೇಲೆ ಬಿತ್ತು. ಆಯುಷ್ಯವೆಲ್ಲ ಟವೆಲಿನ ಕೆಳಗೇ ಎತ್ತು ಕೊಂಡು ಮಾರಿದ ಮನುಷ್ಯ! ಮುಖ ಕೆಂಡವಾಯಿತು.

"ಏನ್ರೀ ಇದು? ನಮ್ಮನೇಲೇ ಕುಂತ್ಕಂಡು ನನ್ ಮಗಳ್ಗೆ ಬೆಲೆ ಕಟ್ತಿದ್ದೀರಾ? ಅವಳೇನು ಎತ್ತಾ?"

ದೊಡ್ಡಮ್ಮನಿಗೆ ಏನು ಹೇಳಲಿ? ಅಷ್ಟರಲ್ಲಿ ಅಣ್ಣ ಎದ್ದು ನಿಂತ.

"ಬೆಲೆ ಅಲ್ಲ ಯಜಮಾನ್ರೇ. ನಾನು ತರಂಗಂಬಾಡಿ ಮಾತ ಎತ್ತಬಾರ್ದು ಅಂತ ಇವ್ನು ಅಮುಕ್ತಾವ್ನೆ. ನೋಡಿ, ಬೆರಳೆಲ್ಲ ಎಂಗೆ ಊದ್ಕಂಡದೆ!"

ಯಜಮಾನರು ಆ ಬೆರಳುಗಳನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ರುಮಾಲು ಜಾರುವಷ್ಟು ನಕ್ಕರು. ಉಸ್ಸಪ್ಪಾ! ನನಗೆ ಹೋದ ಜೀವ ಬಂತು.

"ಅದ್ಯಾವ ಊರಪ್ಪ? ಕೇಳಾನ ಯೋಳ್ಸಿ" ಎಂದು ಅಡುಗೆಮನೆಯ ಬಾಗಿಲ ಹಿಂದಿನಿಂದ ಹುಡುಗಿಯ ದನಿ ಬಂತು.

ಬಂದ ಜೀವ ಮತ್ತೆ ಹೋಯಿತು. ಇನ್ನು ಇವನನ್ನು ಹಿಡಿಯುವವರು ಯಾರು? ಅಣ್ಣ ಕೋಟೆ ಹೇಳಿದ, ಊರಬಾಗಿಲು ಹೇಳಿದ, ದಂಡೆಯ ಮೇಲಿನ ಶಿವನ ಗುಡಿಯ ಮುಂಭಾಗವನ್ನು ಅಲೆಗಳು ಚೂರು ಚೂರೇ ತಿಂದದ್ದನ್ನು ಹೇಳಿದ. ನಾನು ವಾಪಸು ಬಸ್ಸು ಎಷ್ಟೊತ್ತಿಗೆ ಎಂದು ಯೋಚಿಸುತ್ತಿದ್ದೆ. ಹುಡುಗಿ ಹೊಸ್ತಿಲಿಗೆ ಬಂದಳು.

"ಅಷ್ಟೆಲ್ಲ ನೋಡುವಾಗ ನಿಮ್ ಜೊತೇಲಿ ಯಾರಿದ್ರು?"

ಇಷ್ಟು ವರ್ಷ ಕೇಳಿದ್ದೆವು, ನಕ್ಕಿದ್ದೆವು. ಇದನ್ನು ಮಾತ್ರ ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ಆ ಊರಿನ ವಿಷಯದಲ್ಲಿ ಮೊದಲ ಬಾರಿಗೆ ಅಣ್ಣ ತಡವರಿಸಿದ.

"ಯಾರೂ ಇರ್ನಿಲ್ಲ. ಚೆಂದಾಗಿರೋದು ಕಂಡಾಗೆಲ್ಲ, ನೋಡು ಅನ್ನಾಕೆ ಪಕ್ಕಕ್ಕೆ ತಿರುಗ್ತಿದ್ದೆ... ಯಾರೂ ಇರ್ತಿರ್ನಿಲ್ಲ."

ಹುಡುಗಿ ಸೆರಗು ಸರಿಮಾಡಿಕೊಂಡು ಕಂಬಕ್ಕೆ ಒರಗಿ ಕುಳಿತಳು.

"ಗುಡಿ ತಾವ ಇದ್ರಿ" ಎಂದಳು. "ಮುಂದಕ್ಕೆ ಯೋಳಿ."