ಒಗೆಯುವ ಕಲ್ಲಿನ ತಾಳ

ನಂಜನಗೂಡಿನ ಬದರೀನಾರಾಯಣ ಮೇಷ್ಟ್ರಿಗೆ ಹೆಂಡತಿ ಚಂಪಕಳ ಮೇಲೆ ಇದ್ದದ್ದು ಒಂದೇ ದೂರು. ಅವಳು ಬಟ್ಟೆ ಒಗೆಯುತ್ತಾಳೆ! (ಒಗೆಯದ ಹೆಂಡತಿಯನ್ನು ದೂರುವವರನ್ನು ಊರು ಕಂಡಿತ್ತು, ಇಂಥವರನ್ನು ಕಂಡಿರಲಿಲ್ಲ.) ಹಿತ್ತಿಲ ಕಲ್ಲಿನ ಮೇಲೆ ಅವಳು ಧಪ್ ಧಪ್ ಶುರು ಮಾಡಿದರೆ, ನಡುಮನೆಯಲ್ಲಿ ಎಲೆಕ್ಟ್ರಾನಿಕ್ ಕೀಬೋರ್ಡಿನ ಮುಂದೆ ಪದ್ಮಾಸನ ಹಾಕಿದ್ದ ಮೇಷ್ಟ್ರ ನಾದತಪಸ್ಸು ಭಂಗವಾಗುತ್ತಿತ್ತು.

ಅದು ಎಂಬತ್ತಾರನೆಯ ಇಸವಿ. ತಿ. ನರಸೀಪುರದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಶಿವಸ್ವಾಮಿ ತಾನೇ ತಂತಿ ಬೆಸೆದು ಒಂದು ರಿದಂ ಪೆಟ್ಟಿಗೆ ಮಾಡಿಕೊಂಡಿದ್ದ. ಮೇಷ್ಟ್ರು ಕೀಬೋರ್ಡ್ ನುಡಿಸಿ, ಟೇಪ್ ಮಾಡಿ, ಕ್ಯಾಸೆಟ್ಟನ್ನು ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದು. ಶಿವಸ್ವಾಮಿ ಅದಕ್ಕೆ ತಾಳ ಸೇರಿಸಿ ಇನ್ನೊಂದು ಟೇಪಿಗೆ ಇಳಿಸಿ, ಕೊನೆಯಲ್ಲಿ ನಾಲ್ಕು ಮಾತನ್ನೂ ಆಡಿ ವಾಪಸು ಕಳಿಸುವುದು. ಮೂರು ವರ್ಷದಿಂದ ಹೀಗೇ ನಡೆದಿತ್ತು. ಈಗ ಮೈಸೂರಿನಲ್ಲಿ ಸ್ವಂತ ಮನೆಯ ಜಗಲಿಯಲ್ಲೇ ಕ್ಯಾಸೆಟ್ ಕಂಪನಿ ನಡೆಸುವ ಗಂಗಾಧರಸ್ವಾಮಿ ಇವರ ಕ್ಯಾಸೆಟ್ ಹೊರತರಲು ಒಪ್ಪಿದ್ದರು. "ಆರು ಹಾಡು ಆಗಿದೆ. ಏಳನೇದು ಶುಕ್ರವಾರದೊಳಗೆ ಬರದಿದ್ರೆ ಕೈಬಿಟ್ಟೆ" ಎಂದಿದ್ದರು.

"ಇದೊಂದಾದರೂ ಶುದ್ಧವಾಗಿ ಬರಲಿ ಕಣೇ. ಬೆಳಗ್ಗೆ ಒಗೀಬೇಡ."

"ನಲ್ಲೀಲಿ ನೀರು ಬರೋದೇ ಆರರಿಂದ ಏಳು. ಕರೆಂಟ್ ಇರೋದೂ ಆವಾಗ್ಲೇ. ನಾನೇನ್ರೀ ಮಾಡ್ಲಿ?"

"ನಾಲ್ಕು ದಿನ ಹೆಮ್ಮಿಗೆಗೆ ಹೋಗಿ ಬಾ. ಕಲಾಸೇವೆ ಅಂದ್ಕೋ."

"ಹೋಗ್ತೀನಿ! ನೀವೇ ಬಂದು ಕರೆಯೋ ತನಕ ಬರಲ್ಲ, ನೋಡ್ತಿರಿ!"

ಅವಳು ತವರಿಗೆ ಹೊರಟಳು. ಮಂಗಳವಾರ ಬೆಳಗ್ಗೆ ಮನೆಯಲ್ಲಿ ಪರಮಶಾಂತಿ. ಮೇಷ್ಟ್ರು ಮೈಮರೆತು ನುಡಿಸಿ ಕ್ಯಾಸೆಟ್ಟನ್ನು ಬಸ್ಸಿಗೇರಿಸಿದರು. ಬುಧವಾರ ಅದು ವಾಪಸು ಬಂತು. ತಾಳವೇ ಇಲ್ಲ! ಶಿವಸ್ವಾಮಿಯ ಗೋಳು ಮಾತ್ರ ಇತ್ತು.

"ಸಾ, ಇದೇನ್ ಸಾ? ಎಂಟು ಸಲ ಕೂತೆ, ಆಗ್ನಿಲ್ಲ. ನೀವು ಒಂದ್ಕಡೆ ಓಡ್ತೀರಿ, ಒಂದ್ಕಡೆ ನಿದ್ದೆ ಮಾಡ್ತೀರಿ. ಇಷ್ಟ್ ದಿನ ಇಂದ್ಗಡೆ ಧಪ್ ಧಪ್ ಅಂತಿತ್ತಲ್ಲ, ನೀವು ಅದಕ್ಕೆ ಸರ್ಯಾಗಿ ನುಡಿಸ್ತಿದ್ರಿ, ನಾನು ಅದನ್ನೇ ಇಡ್ಕಂಡು ಪೆಟ್ಗೆ ಓಡಿಸ್ತಿದ್ದೆ. ಯಾರ್ ಸಾ ಅದು ಬಾರ್ಸೋರು? ಗಡಿಯಾರದಂಗೆ ಬಾರಿಸ್ತಾರೆ. ಅವ್ರ ಜತೆ ಏನಾರ ಜಗಳ ಆಡ್ಕಂಡ್ರಾ?"

ಮೇಷ್ಟ್ರು ಸ್ಕೂಲಿಗೆ ರಜೆ ಬರೆದು ಹೆಮ್ಮಿಗೆಯ ದಾರಿ ಹಿಡಿದರು. ಚಂಪಕ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಅತ್ತೆ ಕೊಟ್ಟ ಕಾಫಿಯನ್ನೂ ಮುಟ್ಟದೆ ಮೇಷ್ಟ್ರು ಎಲ್ಲವನ್ನೂ ಒಪ್ಪಿಸಿಬಿಟ್ಟರು.

"ಚಂಪಾ, ಮೂರು ವರ್ಷದಿಂದ ನನ್ನ ಮಾನ ಕಾಪಾಡಿದ್ದು ನೀನು. ನನಗೆ ಗೊತ್ತೇ ಆಗ್ಲಿಲ್ಲ. ನಿನ್ನ ಋಣ ಹೇಗೆ ತೀರಿಸ್ಲೇ?"

"ಇದನ್ನ ಹೇಳೋಕೆ ರೇಡಿಯೋ ರಿಪೇರಿಯವರು ಬೇಕಾಯ್ತಾ?" ಎಂದ ಚಂಪಕ, ಚೀಲ ತರಲು ಒಳಗೆ ಹೋದಳು. ಚೀಲ ಆಗಲೇ ಕಟ್ಟಿಟ್ಟಿತ್ತು.

ಗುರುವಾರ ಆರು ಗಂಟೆಗೆ ನಲ್ಲಿ ಬಂತು.

"ಎಷ್ಟು ಹೊತ್ತು ಒಗೀಬೇಕ್ರೀ?"

"ನಾಲ್ಕೂವರೆ ನಿಮಿಷ."

"ಹಾಗಾದ್ರೆ ಒಂದು ಜಮಖಾನ, ಎರಡು ಪಂಚೆ."

ಧಪ್, ಧಪ್! ಮೇಷ್ಟ್ರು ಮದುವೆಯಾದ ಮೇಲೆ ಮೊದಲ ಬಾರಿಗೆ ಆ ಸದ್ದನ್ನು ಕಿವಿಗೊಟ್ಟು ಕೇಳಿದರು. ಇಂಥವಳನ್ನು ಕೊಟ್ಟೆಯಲ್ಲಪ್ಪ ಶ್ರೀಕಂಠೇಶ್ವರ ಎಂದು ಕಣ್ಣು ಒದ್ದೆಯಾಯಿತು, ಬೆರಳು ಮಾತ್ರ ತಪ್ಪಲಿಲ್ಲ. ಬಾರಿಸುವವರು ಯಾರೆಂದೂ ಕೊನೆಯಲ್ಲಿ ಹೇಳಿ, ಕ್ಯಾಸೆಟ್ಟನ್ನು ಮೊದಲ ಬಸ್ಸಿಗೇ ಏರಿಸಿದರು.

ಶನಿವಾರ ಶಿವಸ್ವಾಮಿಯ ಟೇಪ್ ಬಂತು. ಗಂಡಹೆಂಡಿರಿಬ್ಬರೂ ಅದರ ಮುಂದೆ ಕುಳಿತರು.

"ಸಾ, ನಿನ್ನೆ ನಾನೇ ಮೈಸೂರ್‌ಗೆ ಓಗಿ ಕೊಟ್ಟು ಬಂದೆ. ಒಪ್ಕಂಡ್ರು ಸಾ! ಏಳೂ ಬತ್ತದೆ. ಎಲ್ಲ ಅಕ್ಕಾವ್ರ ಪುಣ್ಯ."

ಮೇಷ್ಟ್ರು ಹೆಂಡತಿಗೆ ಕೈ ಮುಗಿದೇಬಿಟ್ಟರು. ಟೇಪ್ ಇನ್ನೂ ತಿರುಗುತ್ತಿತ್ತು.

"ಇನ್ನೊಂದು ಕ್ಯಾಸೆಟ್ಟೂ ಬೇಕಂತೆ. ಆದ್ರೆ ಗಂಗಾಧರಸ್ವಾಮೇರು ಒಂದ್ ಮಾತು ಏಳವ್ರೆ, ಬೇಜಾರ್ ಮಾಡ್ಕಬ್ಯಾಡಿ ಸಾ. ಮುಂದಿನ್ ಸಲ ಅಕ್ಕಾವ್ರು ಒಗೆಯೋವಾಗ ನೀವು ಕೀಬೋರ್ಡ್ ತಕ್ಕಂಡು ಒಸಿ ದೂರ ಕೂತ್ಕಬೇಕಂತೆ. ಧಪ್ ಧಪ್‌ಗೆ ಕೀಬೋರ್ಡ್ ಸದ್ದು ಅಡ್ಡ ಬತ್ತದಂತೆ."

ಚಂಪಕ ಟೇಪನ್ನು ಹಿಂದಕ್ಕೆ ಓಡಿಸಿ, ಅಷ್ಟನ್ನೇ ಇನ್ನೊಮ್ಮೆ ಹಾಕಿದಳು.